ಬಂದೂಕಿಲ್ಲದ ಬಂದೂಕಿನ ಹುಚ್ಚು

ಹಳೆಯ ಬಂದೂಕುಗಳ ಹುಚ್ಚು ಹಿಡಿದವರಿಗೆ ಸೇಡಂನಷ್ಟು ಪ್ರಶಸ್ತವಾದ ಊರು ಇನ್ನೊಂದಿಲ್ಲ ಎಂಬುದು ನನ್ನ ವಾದ. ಯಾಕೆಂದರೆ ಇಲ್ಲಿನ ಯಾವ ಸಂತೆಯಲ್ಲೂ ಹಳೆಯ ಬಂದೂಕು ಸಿಗುವುದಿಲ್ಲ. ತೊಗರಿ ಸಿಗುತ್ತದೆ, ಸಿಮೆಂಟು ಸಿಗುತ್ತದೆ, ಶಹಾಬಾದಿನ ಫರಸಿಕಲ್ಲು ಬೇಕಾದಷ್ಟು ಸಿಗುತ್ತದೆ. ಮಳಖೇಡದತ್ತ ನಾಲ್ಕು ಹೆಜ್ಜೆ ಹಾಕಿದರೆ ರಾಷ್ಟ್ರಕೂಟರ ರಾಜಧಾನಿಯೇ ಕಾಗಿಣಾ ದಂಡೆಯ ಮೇಲೆ ಬಿದ್ದುಕೊಂಡಿದೆ. ಬಂದೂಕು ಮಾತ್ರ ಇಲ್ಲ. ಇದನ್ನು ಕೊರತೆ ಎನ್ನುವವರಿಗೆ ಈ ಹವ್ಯಾಸದ ಒಳಗುಟ್ಟು ಗೊತ್ತಿಲ್ಲ ಎಂದೇ ಹೇಳಬೇಕು. ಗುಂಡಿನ ಸದ್ದೆಂದರೆ ಸುಣ್ಣಕಲ್ಲಿನ ಗಣಿಯ ಬ್ಲಾಸ್ಟಿಂಗ್ ಎಂದಷ್ಟೇ ತಿಳಿದ ಸೀಮೆಯ ಮನುಷ್ಯನೊಬ್ಬ, ನೂರೈವತ್ತು ವರ್ಷದ ಹಿಂದಿನ ಒಂಟಿಗುಂಡಿನ ರೈಫಲ್ಲುಗಳಿಗೆ ಮನಸೋತಿರುವುದು ಮರ್ಯಾದಸ್ಥರ ಎದುರು ಹೇಳಿಕೊಳ್ಳುವ ಸಂಗತಿಯೇನೂ ಅಲ್ಲ. ಆದರೂ ಹೇಳುತ್ತೇನೆ, ಅದೂ ತರ್ಕಬದ್ಧವಾಗಿ.

ಮೊದಲು ಈ ಯಂತ್ರಗಳ ಮೋಹ ಎಂಥದ್ದೆಂದು ತಿಳಿಯಬೇಕು. ಬಾಯಿಂದ ಮದ್ದು ಗಿಡಿಯುವ 1853ರ ಎನ್‌ಫೀಲ್ಡ್ ಇತ್ತಲ್ಲ, ಜೇಕಬ್ ಸ್ನೈಡರ್ ಎಂಬ ಅಮೆರಿಕದವನ ಉಪಾಯದಂತೆ ಅದರ ನಳಿಗೆಯ ಹಿಂಬದಿಯಲ್ಲಿ ಎರಡೂವರೆ ಇಂಚು ಕೊಯ್ದು, ಅಲ್ಲಿ ಬಲಕ್ಕೆ ತೆರೆಯುವ ಒಂದು ಕದ ಕೂರಿಸಿದರು. 1866ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಹೊಸ ಬಂದೂಕು ಬಂದಂತಾಯಿತು. ಸ್ನೈಡರ್ ಮಹಾಶಯ ಮಾತ್ರ ಪರಿಹಾರದ ಹಣ ಕಾಣುವ ಮೊದಲೇ ಅದೇ ವರ್ಷ ತೀರಿಕೊಂಡ. 1871ಕ್ಕೆ ಮಾರ್ಟಿನಿ-ಹೆನ್ರಿ ಬಂತು. ಟ್ರಿಗರಿನ ಹಿಂದೆ ಇಳಿಬಿದ್ದ ಸನ್ನೆಯನ್ನು ಕೆಳಗೊತ್ತಿದರೆ ಒಳಗಿನ ಉಕ್ಕಿನ ಗಟ್ಟಿಯ ಮುಂತುದಿ ತಗ್ಗುತ್ತದೆ, ಸುಟ್ಟ ತೋಟಾ ಹಿಂದಕ್ಕೆ ಜಿಗಿಯುತ್ತದೆ. ಹೊಸದನ್ನು ಹೆಬ್ಬೆರಳಿನಿಂದ ತಳ್ಳಿ ಸನ್ನೆ ಮೇಲೆತ್ತಿದರೆ ಮುಗಿಯಿತು. ಹೊರಗೆ ಬಡಿಯುವ ಕುದುರೆಯೇ ಇಲ್ಲ. ಬಲಮಗ್ಗುಲಲ್ಲಿ ನೀರಹನಿಯಾಕಾರದ ಪುಟ್ಟ ಸೂಚಿಯೊಂದು ಓರೆಯಾಗಿ ನಿಂತು, ನಾನು ತಯಾರು ಎನ್ನುತ್ತದೆ. ಆ ಸೂಚಿಗಾಗಿಯೇ ನಿದ್ದೆ ಕೆಟ್ಟವರಿದ್ದಾರೆ. ಇನ್ನು ನಮ್ಮವರ ಪಾಲಿಗೆ ಬಂದದ್ದು? 1857ರ ಪೆಟ್ಟು ತಿಂದ ಇಂಗ್ಲಿಷರು ಭಾರತೀಯ ಸಿಪಾಯಿಯ ಕೈಯಲ್ಲಿ ಯಾವಾಗಲೂ ಒಂದು ತಲೆಮಾರು ಹಿಂದಿನ ಬಂದೂಕೇ ಇರುವಂತೆ ನೋಡಿಕೊಂಡರು. ಗೋರಾಗಳಿಗೆ ಮಾರ್ಟಿನಿ ಬಂದಾಗ ಇವರಿಗೆ ಸ್ನೈಡರ್. ಅವರಿಗೆ ಲೀ-ಮೆಟ್‌ಫರ್ಡ್ ಬಂದಾಗ ಇವರಿಗೆ ಮಾರ್ಟಿನಿ. ಅಣ್ಣನಿಗೆ ಬಿಗಿಯಾದ ಅಂಗಿ ತಮ್ಮನ ಮೈಗೆ ಇಳಿದಂತೆ. ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ 1874ರಲ್ಲಿ ರೈಲು ಓಡತೊಡಗಿದಾಗ, ಲೋಕದ ಬಂದೂಕುಗಳು ವರ್ಷಕ್ಕೊಂದು ವೇಷ ಬದಲಿಸುತ್ತಿದ್ದವು. ಹಳತಾಗುವುದೇ ಇವುಗಳ ಹಣೆಬರಹ, ಆ ಹಳತನಕ್ಕೇ ನಮ್ಮ ಮೋಹ.

ಈಗ ಕಾನೂನಿಗೆ ಬರೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಬಲು ಉದಾರವಾಗಿ ಶುರುವಾಗುತ್ತದೆ. ಬಳಕೆ ತಪ್ಪಿದ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ಈ ಕಾಯ್ದೆಯ ಕಾಟವಿಲ್ಲ. ಆದರೆ ಅದು ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂತಿರಬೇಕು. ಈ 'ರಿಪೇರಿ ಮಾಡಿದರೂ' ಎಂಬಲ್ಲಿ ಕೊಂಚ ಹೊತ್ತು ಕುಳಿತುಕೊಳ್ಳಬೇಕು. ಒಂದು ಮಾರ್ಟಿನಿ ಇದೆ ಎಂದುಕೊಳ್ಳಿ. ನೂರು ವರ್ಷದಿಂದ ಸನ್ನೆ ಅಲುಗಿಲ್ಲ, ನಳಿಗೆಯೊಳಗೆ ಕಣಜದ ಹುಳು ಮನೆ ಕಟ್ಟಿದೆ. ಇದು ರಿಪೇರಿಯಾಗುವುದೋ ಇಲ್ಲವೋ? ತಿಳಿಯಬೇಕಾದರೆ ರಿಪೇರಿ ಮಾಡಿ ನೋಡಬೇಕು. ರಿಪೇರಿಗೆ 5ನೇ ಕಲಮಿನ ಪ್ರಕಾರ ಲೈಸೆನ್ಸ್ ಬೇಕು. ಇರಲಿ, ತರ್ಕದ ಸುಖಕ್ಕಾಗಿ ಮುಂದುವರಿಯೋಣ. ಸೀಮೆಎಣ್ಣೆ ಒಂದು ತೊಟ್ಟು ಬಿಡುತ್ತೀರಿ, ಸನ್ನೆ ಅಲುಗದು, ನೀವು ಇನ್ನೂ ಸಜ್ಜನರು. ಎರಡನೆಯ ತೊಟ್ಟು, ಹುಳುವಿನ ಮನೆ ಬಿತ್ತು, ಪುರಾತತ್ವಾಸಕ್ತರು. ಮೂರನೆಯದಕ್ಕೆ ಸನ್ನೆ ಒಂದು ಗೋಧಿಕಾಳಿನಷ್ಟು ಸರಿಯಿತು. ಈಗ ನೀವು ಸಂಶಯಾಸ್ಪದ ವ್ಯಕ್ತಿ. ನಾಲ್ಕನೆಯದಕ್ಕೆ 'ಟಕ್' ಎಂದು ಗಟ್ಟಿ ತಗ್ಗಿತು, ನೀರಹನಿ ಸೂಚಿ ಓರೆಯಾಯಿತು. ಆ ಟಕ್ ಸದ್ದಿನೊಡನೆ ಪುರಾತನ ವಸ್ತು ಬಂದೂಕಾಯಿತು ಎಂದುಕೊಂಡರೆ ನೀವು ಕಾನೂನನ್ನು ಸರಿಯಾಗಿ ಓದಿಲ್ಲ. ಅದು ಮೊದಲಿನಿಂದಲೂ ಬಂದೂಕೇ ಆಗಿತ್ತು. ರಿಪೇರಿಯಾಗುವಂಥದ್ದು ಎಂಬುದನ್ನು ಈಗ ನೀವೇ ಸ್ವಹಸ್ತದಿಂದ ರುಜುವಾತು ಮಾಡಿದಿರಿ. ಅಂದರೆ ಯಶಸ್ವಿಯಾದ ಪ್ರತಿಯೊಬ್ಬ ಜೀರ್ಣೋದ್ಧಾರಕನೂ ತನ್ನ ಮೇಲಿನ ಕೇಸಿಗೆ ತಾನೇ ಸಾಕ್ಷಿ. ಕೈಲಾಗದವನು ಮಾತ್ರ ನಿರಪರಾಧಿ. ತುಕ್ಕೇ ಇಲ್ಲಿ ಲೈಸೆನ್ಸು. ಅದನ್ನು ಉಜ್ಜಿ ತೆಗೆಯುವುದೇ ನಮ್ಮ ಹವ್ಯಾಸ!

ಅಮೆರಿಕದಲ್ಲಿ ಹೀಗಿಲ್ಲವಲ್ಲ ಎನ್ನುವವರಿದ್ದಾರೆ. ನಿಜ. ಅಲ್ಲಿನ ಕೇಂದ್ರ ಕಾನೂನು 1898ರವರೆಗೆ ತಯಾರಾದದ್ದನ್ನು ಪುರಾತನ ಎಂದು ಬದಿಗಿಡುತ್ತದೆ. ನಮ್ಮದು ಹುಟ್ಟಿದ ಇಸವಿ ಕೇಳುವುದಿಲ್ಲ, ಉಸಿರಿದೆಯೇ ಎಂದು ಮೂಗಿನ ಬಳಿ ಬೆರಳಿಡುತ್ತದೆ. ನೇಪಾಳದ ಅರಮನೆಯ ಶಸ್ತ್ರಾಗಾರದಲ್ಲಿ ಧೂಳು ತಿನ್ನುತ್ತಿದ್ದ ಸ್ನೈಡರ್, ಮಾರ್ಟಿನಿಗಳನ್ನು ಈ ಶತಮಾನದ ಆರಂಭದಲ್ಲಿ ಅಮೆರಿಕದ ವರ್ತಕರು ಸಾವಿರಗಟ್ಟಲೆ ಕೊಂಡೊಯ್ದದ್ದೂ ಆ ಧೈರ್ಯದ ಮೇಲೆಯೇ. ಆದರೆ ಆ ದೇಶದ ಬಂದೂಕಿನ ಲೆಕ್ಕವನ್ನು ಪೂರ್ತಿ ಓದಿದವರು ಈ ಒಂದು ಪುಟ ಹರಿದುಕೊಂಡು ಬಂದು ನಮಗೆ ತೋರಿಸಲಾರರು. ನನ್ನ ಮಟ್ಟಿಗೆ ನಮ್ಮ ಕಾನೂನೇ ಸರಿ. ಅದರ ತರ್ಕಕ್ಕೆ ನಗಬಹುದು, ತೀರ್ಪಿಗೆ ನಗಲಾಗದು. ಹಳೆಯ ಬಂದೂಕಿನ ಗುಂಡೂ ಎದೆಗೆ ಹೊಸದಾಗಿಯೇ ತಾಗುತ್ತದೆ.

ಬಂದೂಕಿಲ್ಲದೆ ಜ್ಞಾನ ಎಲ್ಲಿಂದ ಎಂಬುದು ಇನ್ನೊಂದು ಆಕ್ಷೇಪ. ಜ್ಞಾನಕ್ಕೆ ಬಂದೂಕೇ ಅಡ್ಡಿ. ಮಾರ್ಟಿನಿಯ ಮೇಲೆ ವಿಕ್ಟೋರಿಯಾಳ 'ವಿ.ಆರ್.' ಮುದ್ರೆ, ಅದರ ಕೆಳಗೆ 1907 ಎಂದು ಇಸವಿ ಇದ್ದರೆ ನಾವು ಪಟದಲ್ಲೇ ನೋಡಿ ನಕ್ಕುಬಿಡುತ್ತೇವೆ; ರಾಣಿ ತೀರಿಕೊಂಡದ್ದು 1901ರಲ್ಲಿ. ಖೈಬರ್ ಕಣಿವೆಯ ಕಮ್ಮಾರರು ಇಂಗ್ಲಿಷ್ ಬಾರದೆ ಕೆತ್ತಿದ ನಕಲುಗಳಲ್ಲಿ 'ಎನ್' ಅಕ್ಷರ ತಿರುವುಮುರುವಾಗಿರುವುದೂ ಉಂಟು. ದುಡ್ಡು ಸುರಿದು ಕೊಂಡವನಿಗೆ ಈ ನಗು ಬರುವುದಿಲ್ಲ, ಅವನು ಆ ತಿರುವುಮುರುವಿನಲ್ಲೂ ಅಪರೂಪದ ಲಕ್ಷಣ ಕಾಣುತ್ತಾನೆ. ಇನ್ನು ಆರೈಕೆ. ಬ್ರಿಟಿಷ್ ಸೈನ್ಯ ರೈಫಲ್ಲಿನ ಆಕ್ರೋಟದ ಮರಕ್ಕೆ ಅಂಗೈ ಬಿಸಿಯಲ್ಲಿ ಉಜ್ಜುತ್ತಿದ್ದದ್ದು ಅಗಸೆ ಎಣ್ಣೆ. ನಮ್ಮ ಸೀಮೆಯಲ್ಲಿ ಅಗಸಿಯನ್ನು ಹುರಿದು ಕುಟ್ಟಿ ಹಿಂಡಿ ಮಾಡಿ, ಖಡಕ್ ರೊಟ್ಟಿಯ ಜೊತೆ ತಿನ್ನುತ್ತಾರೆ. ಯಾವುದು ಉತ್ತಮ ಬಳಕೆ ಎಂಬ ಬಗ್ಗೆ ಚರ್ಚೆಯೇ ಬೇಡ. ಮೇಲಾಗಿ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನೇ ಕಾವು ಏರಿ ಹೊತ್ತಿಕೊಳ್ಳಬಲ್ಲದು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ, ಶತಮಾನದಿಂದ ಸುಮ್ಮನಿರುವ ಬಂದೂಕಿಗಿಂತ ಅದನ್ನು ಒರೆಸಿದ ಅರಿವೆಯೇ ಹೆಚ್ಚು ಅಪಾಯಕಾರಿ.

ಕೊಡಗಿನವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ, ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂ ಮುಡಿಸುತ್ತಾರಲ್ಲ, ನಮಗೇಕಿಲ್ಲ? ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸುವುದಿಲ್ಲವೆಂದದ್ದಕ್ಕೆ ಇಂಗ್ಲಿಷರು ಊರಿಗೆ ಊರನ್ನೇ ಸುಟ್ಟರಲ್ಲ, ಆ ಬೇಡರಿಗೆ ಅವಮಾನವಲ್ಲವೆ? ಈ ಪ್ರಶ್ನೆಗಳನ್ನು ಗೌರವದಿಂದಲೇ ಕೇಳಿಸಿಕೊಳ್ಳಬೇಕು. ಅವರ ಆಯುಧ ಅವರ ಬದುಕಿನೊಳಗಿತ್ತು. ಹುಟ್ಟಿಗೆ, ಸಾವಿಗೆ, ಬೇಟೆಗೆ ಅದು ಬೇಕಿತ್ತು. ನಮ್ಮ ಸೀಮೆಯ ಮನೆಗಳಲ್ಲಿ ಬಂದೂಕು ಎಂದರೆ ನೆನಪಾಗುವುದು ಹಬ್ಬವಲ್ಲ. ಮೊದಲು ನಿಜಾಮರ ಪರದ ರಜಾಕಾರರ ಬಂದೂಕು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು, 17ಕ್ಕೆ ನಿಜಾಮರು ಶರಣಾದರು. ಆಮೇಲೆ ಬಂದೂಕು ಕೈ ಬದಲಾಯಿಸಿತು, ಸಾಯುವವರು ಬದಲಾದರು. ಆ ಸಾವುಗಳನ್ನು ವಿಚಾರಿಸಿದ ಸುಂದರಲಾಲ್ ಸಮಿತಿಯ ವರದಿ ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳನ್ನು ಹೆಸರಿಸಿತು: ಉಸ್ಮಾನಾಬಾದ್, ಗುಲ್ಬರ್ಗ (ಇಂದಿನ ಕಲಬುರಗಿ), ಬೀದರ್, ನಾಂದೇಡ್. ಅಟ್ಟದ ಮೇಲೆ ಒಂದು ತುಕ್ಕು ನಳಿಗೆ ಸಿಕ್ಕರೆ ಅದು ಸ್ನೈಡರೋ ಮಾರ್ಟಿನಿಯೋ ಎಂದು ನನ್ನಂಥವನು ಕುಣಿಯಬಹುದು. ಮನೆಯ ಹಿರಿಯರು ಅದು ಯಾರ ಕೈಯಲ್ಲಿತ್ತು ಎಂದು ಕೇಳುತ್ತಾರೆ. ಅವರ ಪ್ರಶ್ನೆಯೇ ಮುಖ್ಯ.

ಹಾಗೆ ಸಿಕ್ಕಿತೇ ಎನ್ನಿ, ದಾರಿ ಸರಳ. ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಬೇಕು; ನೂರು ವರ್ಷ ದಾಟಿದ್ದರೆ ಪುರಾತತ್ವ ಇಲಾಖೆಗೂ ಒಂದು ಮಾತು ಹಾಕಬೇಕು. ನೋಡುವ ಚಪಲಕ್ಕೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಇದೆ, ಎಣ್ಣೆಯ ಖರ್ಚು ಸರ್ಕಾರದ್ದು. ಒಂಟಿಗುಂಡಿನದೇ ಬೇಕೆಂದು ಹಟ ಹಿಡಿದವರಿಗೆ ಕಲಬುರಗಿ ಕೋಟೆಯಲ್ಲಿ 29 ಅಡಿ ಉದ್ದದ್ದೆಂದು ಹೇಳುವ ಬಾರಾ ಗಜಿ ತೋಪೇ ಇದೆ. ಅದನ್ನು ಯಾರೂ ಬಗಲಲ್ಲಿ ಇಟ್ಟುಕೊಂಡು ಹೋಗಲಾರರು. ನನ್ನ ಸಿಟ್ಟೆಲ್ಲ ಇರುವುದು ಇನ್ನೊಂದು ಜಾತಿಯವರ ಮೇಲೆ. ಹಳೆಯ ಕಬ್ಬಿಣ ಕಂಡ ತಕ್ಷಣ ಉಸುಕಿನ ಕಾಗದ ಹಿಡಿದು, ಕಿರೀಟದ ಮುದ್ರೆ, ಇಸವಿ, ಕಾರ್ಖಾನೆಯ ಹೆಸರು ಎಲ್ಲವನ್ನೂ ನುಣ್ಣಗೆ ಉಜ್ಜಿ, ಮೇಲೆ ಬೆಳ್ಳಿ ಬಣ್ಣ ಬಳಿದು ಫೋಟೋ ಹಿಡಿಸಿಕೊಳ್ಳುವವರು. 5ನೇ ಕಲಮನ್ನು ಇವರ ಮೇಲೆ ಹಾಕಲು ಬರುವುದಿಲ್ಲ, ಇವರು ಮಾಡುವುದನ್ನು ರಿಪೇರಿ ಎಂದು ಯಾವ ನ್ಯಾಯಾಲಯವೂ ಒಪ್ಪಲಾರದು.