ಹಿನ್ನಡೆಗೊಂದು ದೀಪ

ಉಳ್ಳಾರ್ತಿ ಕಾವಲಿನ ಸೀಮೆಯಲ್ಲಿ ಬೆಳೆದವನಿಗೆ ಗಾಡಿಯನ್ನು ಹಿಂದಕ್ಕೆ ಹೊಡೆಯುವ ವಿದ್ಯೆ ಸಹಜವಾಗಿ ಬರತಕ್ಕುದಲ್ಲ. ನಾಲ್ಕು ದಿಕ್ಕಿಗೂ ಹುಲ್ಲೇ ಹಾಸಿದ ಬಯಲಿನಲ್ಲಿ ದಾರಿ ತಪ್ಪಿದವನು ವಿಶಾಲವಾಗಿ ಒಂದು ಸುತ್ತು ಬಳಸಿ ಬಂದರೆ ತೀರಿತು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಲ್ಲಿ ಮೊದಲಾಗಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲೆಂಬ ನಾಮಧೇಯವನ್ನು ಪಡೆದು, ಫಿರಂಗಿಗಳನ್ನೆಳೆದು ಕೀರ್ತಿವಂತವಾದ ತಳಿಯ ಮೇವಿನ ನೆಲವಿದು. ಆ ಎತ್ತುಗಳಿಗೆ ಮುನ್ನಡೆಯಲ್ಲದೆ ಮತ್ತೊಂದು ತಿಳಿಯದೆಂದು ನಮ್ಮ ಹಿರಿಯರು ಮೀಸೆ ತಿರುವುತ್ತಿದ್ದರು. ಗಾಡಿಯನ್ನು ಹಿಂದೆ ಸರಿಸಲೇಬೇಕಾದರೆ ಎತ್ತು ಬಿಚ್ಚಿ, ನಾಲ್ವರು ಮೂಕಿ ಹಿಡಿದು ತಳ್ಳುತ್ತಿದ್ದರು. ದೀಪದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಇಂಥ ಸೀಮೆಯ ಶೇಂಗಾವನ್ನು ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಮುಟ್ಟಿಸುವ ನನ್ನ ಮಿನಿ ಲಾರಿಗೆ ಎಂಟು ವರ್ಷ ಎಂದೋ ದಾಟಿದ್ದುದರಿಂದ, ವರ್ಷಕ್ಕೊಮ್ಮೆ ಎಫ್.ಸಿ. ಎಂಬ ಅರ್ಹತಾ ಪತ್ರವನ್ನು ಮಾಡಿಸದೆ ವಿಧಿಯಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 56ನೆಯ ಪ್ರಕರಣದ ಪ್ರಕಾರ, ಆ ಪತ್ರವಿಲ್ಲದ ಸರಕು ಗಾಡಿಯ ನೋಂದಣಿಗೆ ಸಿಂಧುತ್ವವಿಲ್ಲ. ಅಂದರೆ ಕಣ್ಣೆದುರಿಗೆ ಹೊಗೆಯುಗುಳುತ್ತ ನಿಂತಿದ್ದರೂ ಶಾಸ್ತ್ರೋಕ್ತವಾಗಿ ಅದು ಹುಟ್ಟಿಯೇ ಇಲ್ಲ. ಈ ವರ್ಷ ಬ್ರೇಕು, ಹಾರನ್ನು, ವೈಪರು, ರೇಡಿಯಂ ಪಟ್ಟಿ ಎಲ್ಲವೂ ಸರಿಯಿದ್ದು, ರಿವರ್ಸ್ ಲೈಟೊಂದು ಮಾತ್ರ ಮೌನವ್ರತವನ್ನು ಹಿಡಿದಿದ್ದಿತು.

ವೈರಿಂಗ್ ಅಂಗಡಿಯ ಹುಡುಗ ಗಾಡಿಯಡಿಯಲ್ಲಿ ಅಂಗಾತ ಮಲಗಿ, ಅಲ್ಲಿಂದಲೇ ಅಶರೀರವಾಣಿಯಂತೆ ನುಡಿದನು: “ಕರೆಂಟು ಬತ್ತೈತೆ ಸ್ವಾಮಿ, ಅರ್ತ್ ಇಲ್ಲ.”

“ಅರ್ಥವಿಲ್ಲದ್ದು ನಿಜವಪ್ಪಾ. ಇದ್ದಿದ್ದರೆ ಹೊಸ ಗಾಡಿಯನ್ನೇ ತರುತ್ತಿದ್ದೆ” ಎಂದೆ. ಅವನು ನಗಲಿಲ್ಲ. ಆ ಪ್ರಾಯದಲ್ಲಿ ನಾನೂ ಹಿರಿಯರ ಶ್ಲೇಷೆಗೆ ನಗುತ್ತಿರಲಿಲ್ಲ.

“ಬೋರ್ಡಿಗೆ ಬೇರೆ ಸ್ವಿಚ್ಚೊಂದು ಕೂಡಿಸಿಬಿಡಬಾರದೇ?” ಎಂದು ಅಡ್ಡದಾರಿಯನ್ನು ಸೂಚಿಸಿದೆ.

“ಬ್ರೇಕ್ ಇನ್ಸ್‌ಪೆಕ್ಟರು ಗೇರು ಹಾಕ್ಸೇ ನೋಡೋದು” ಎಂದು, ಗೇರ್ ಬಾಕ್ಸಿನ ಮಗ್ಗುಲಲ್ಲಿದ್ದ ಒಂದು ಸಣ್ಣ ಗುಬುಟನ್ನು ತೋರಿಸಿದನು. ಹಿಂದಣ ಗೇರು ಬಿದ್ದೊಡನೆ ಒಳಗಿನ ಗುಂಡು ಒತ್ತಿಕೊಂಡು, ಫ್ಯೂಸಿನಿಂದ ಬಂದ ವಿದ್ಯುತ್ತು ಅದರ ಮೂಲಕ ಬಲ್ಬಿಗೆ ಹರಿಯುವುದಂತೆ. ಹೋಗುವುದಕ್ಕೆ ತಂತಿಯುಂಟು, ಮರಳುವುದಕ್ಕೆ ಬಲ್ಬಿನ ಬುಡದಿಂದ ಚಾಸಿಗೆ ಒಂದು ಗೇಣು ತಂತಿಯಷ್ಟೆ, ಅಲ್ಲಿಂದಾಚೆಗೆ ಗಾಡಿಯ ಕಬ್ಬಿಣದ ಮೈಯೇ ತಂತಿ. ಆ ಗೇಣು ತಂತಿಯ ಬೋಲ್ಟಿಗೆ ತುಕ್ಕು ಹಿಡಿದು, ಹೋದ ವಿದ್ಯುತ್ತಿಗೆ ಮರಳುವ ದಾರಿಯೇ ಇಲ್ಲದಂತಾಗಿದ್ದಿತು. ಸಮೀಪದ ವರವು ಕಾವಲಿನ ಪರೀಕ್ಷಾ ಕ್ಷೇತ್ರದಲ್ಲಿ 2023ರ ಏಪ್ರಿಲ್ 2ರಂದು, ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರು ಕೈಬಿಟ್ಟ ಇಸ್ರೋದ ರೆಕ್ಕೆಯ ವಾಹನವು ಸಾರಥಿಯಿಲ್ಲದೆ ತಾನಾಗಿ ಬಂದಿಳಿದುದನ್ನು ಪತ್ರಿಕೆಯಲ್ಲಿ ಓದಿ ಹಿಗ್ಗಿದವನು ನಾನು. ಇಲ್ಲಿಯೋ, 21 ವಾಟಿನ ಒಂದು ಬಲ್ಬಿಗೆ ಭೂಸ್ಪರ್ಶವಾಗಿರಲಿಲ್ಲ!

ಹುಡುಗ ಉಪ್ಪುಕಾಗದದಿಂದ ಬೋಲ್ಟನ್ನು ತಿಕ್ಕಿ ಬಿಗಿದನು. ಗೇರು ಹಾಕಿದೆ, ದೀಪ ಹತ್ತಿತು. ಮಾರನೆಯ ದಿನ ಇನ್ಸ್‌ಪೆಕ್ಟರು ಅದನ್ನು ಒಂದು ಕ್ಷಣ ನೋಡಿ ಗುರುತು ಹಾಕಿದರು. ಮೂರು ದಿನ ನನ್ನ ನಿದ್ದೆಗೆಡಿಸಿದ ಪದಾರ್ಥಕ್ಕೆ ಅಷ್ಟೇ ಮರ್ಯಾದೆಯೇ ಎಂದು ಕೊಂಚ ವ್ಯಥೆಯೂ ಆಯಿತು.

ಸಂಜೆ ಊರಿಗೆ ಹಿಂದಿರುಗುವಾಗ ಅಭ್ಯಾಸಬಲದಿಂದ ಕಾವಲಿನ ಹಳೆಯ ಗಾಡಿಜಾಡಿಗೆ ತಿರುಗಿದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಇಸ್ರೋ ಮೊದಲಾದ ಮಹಾಸಂಸ್ಥೆಗಳಿಗೆ ಕಾವಲುಗಳನ್ನು ಹಂಚಿಕೊಟ್ಟ ಮೇಲೆ ಬಯಲಿಗೆ ಗೋಡೆಗಳು ಬಂದಿವೆಯೆಂಬುದು ನನಗೆ ತಿಳಿಯದ್ದೇನಲ್ಲ. ಆದರೆ ಕೈಗಳಿಗೆ ಅದಿನ್ನೂ ತಿಳಿದಿಲ್ಲ. ಜಾಡು ನೇರವಾಗಿ ಹೋಗಿ ಗೋಡೆಗೆ ಮುಗಿಯಿತು. ಎಡಕ್ಕೆ ಚರಂಡಿ, ಬಲಕ್ಕೆ ಜಾಲಿ. ಜನ್ಮದಲ್ಲಿ ಮೊದಲ ಸಲ ಕಾವಲಿನಲ್ಲಿ ರಿವರ್ಸ್ ಗೇರು ಹಾಕಿದೆ.

ದೀಪ ದಿವ್ಯವಾಗಿ ಹೊತ್ತಿಕೊಂಡಿತು. ಆ ಬೆಳಕಿನಲ್ಲಿ, ಮಂದೆಗೆ ಹೊರಟ ನೂರಾರು ಕುರಿಗಳು ದಾರಿ ತುಂಬ ನಿಂತು, ಕಣ್ಣು ಮಿಟುಕಿಸದೆ ಬಲ್ಬನ್ನೇ ದಿಟ್ಟಿಸುತ್ತಿದ್ದುವು. ಹಾರನ್ನು ಹೊಡೆದರೂ ಮಿಸುಕಲಿಲ್ಲ. ಹೆಗಲಿಗೆ ಕಂಬಳಿ ಹೊದ್ದ ಕುರುಬ ಯಜಮಾನರು ಕೋಲೂರಿ ಕೂಗಿದರು: “ಆ ದೀಪ ಆರಿಸು ತಮ್ಮಾ, ಮರಿ ಬೆದರ್ತಾವೆ!”

ಆರಿಸಲು ಸ್ವಿಚ್ಚಿರಲಿಲ್ಲ. ಗೇರನ್ನು ತೆಗೆದು, ಇಂಜಿನ್ನನ್ನು ನಿಲ್ಲಿಸಿ, ಕುರಿಗಳು ದಾಟಲೆಂದು ಕತ್ತಲಲ್ಲಿ ಕುಳಿತೆನು.