ಸರಣಿ ಚರ್ಚೆ: ಬಳಸುವ ಮುನ್ನ ಪೂರ್ತಿ ಓದಿ

ಈ ಕೈಪಿಡಿಯನ್ನು 2025ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಆಂಡರ್ಸನ್–ತೆಂಡೂಲ್ಕರ್ ಟ್ರೋಫಿ ಮಾದರಿಗೆ ತಕ್ಕಂತೆ ಸಿದ್ಧಪಡಿಸಲಾಗಿದೆ. ಐದು ಟೆಸ್ಟ್, 2–2 ಸಮ. ಬೇರೆ ಟೆಸ್ಟ್ ಸರಣಿಗಳಿಗೂ ನಡೆಯುತ್ತದೆ. ಟಿ20ಗೆ ನಡೆಯುವುದಿಲ್ಲ, ಅಲ್ಲಿ ವಾದಕ್ಕೆ ಕಾವೇರುವಷ್ಟರಲ್ಲಿ ಪಂದ್ಯವೇ ಮುಗಿದಿರುತ್ತದೆ.

ಬೇಕಾಗುವ ಸಾಮಗ್ರಿ: ದರ್ಶಿನಿಯ ಹೊರಗೊಂದು ನಿಂತು ಕುಡಿಯುವ ಟೇಬಲ್, ಬೈಟು ಕಾಫಿ, ಕನಿಷ್ಠ ಮೂರು ಜನ. ಇಬ್ಬರೇ ಆದರೆ ಒಮ್ಮತಕ್ಕೆ ಬರುವ ಅಪಾಯವಿದೆ. ಮೂವರಲ್ಲಿ ಒಬ್ಬರಿಗಾದರೂ ಅರವತ್ತು ದಾಟಿರಬೇಕು, ಕಾರಣ ಮುಂದೆ ಬರುತ್ತದೆ. ಪಂದ್ಯ ನೋಡಿರಲೇಬೇಕೆಂದಿಲ್ಲ. ಅಲ್ಲಿ ಆಟ ಶುರುವಾಗುವುದು ನಮ್ಮ ಮಧ್ಯಾಹ್ನ ಮೂರೂವರೆಗೆ; ಆಫೀಸಿನಲ್ಲಿ ಮ್ಯಾನೇಜರ್ ಎದ್ದು ಹೋದಾಗಲೆಲ್ಲ ಸ್ಕೋರ್ ನೋಡಿಕೊಂಡಿದ್ದರೆ ಧಾರಾಳವಾಯಿತು.

ಸಂಬೋಧನೆ ಹೀಗಿರಲಿ. ಆಡುತ್ತಿರುವವರಿಗೆ ಏಕವಚನ, ಆಟ ಬಿಟ್ಟವರಿಗೆ ಬಹುವಚನ. ಗಿಲ್ ಆಡ್ತಾನೆ, ದ್ರಾವಿಡ್ ಆಡ್ತಿದ್ರು.

ಯಂತ್ರವನ್ನು ಹೊಗಳಿಕೆಯಿಂದ ಚಾಲೂ ಮಾಡಬೇಡಿ, ಕೆಮ್ಮಿ ನಿಂತುಬಿಡುತ್ತದೆ. ಕಪ್ಪು ಕೈಗೆ ಬಂದ ಕೂಡಲೇ "ಏನ್ ಸಾರ್, ಗಿಲ್ ಕೈಕೊಟ್ಟ" ಅನ್ನಿ. ಸರಣಿಯಲ್ಲಿ 754 ರನ್ ಹೊಡೆದವನ ಮೇಲೆ ತಪ್ಪು ಹೊರಿಸುವುದು ಹೇಗೆ ಎಂದು ಹೊಸಬರು ಗಾಬರಿಯಾಗುತ್ತಾರೆ. ಎಜ್‌ಬಾಸ್ಟನ್‌ನ 269 ಮತ್ತು 161 ಲೆಕ್ಕಕ್ಕಿಲ್ಲ, ಪಿಚ್ ಸಪಾಟು. ಲಾರ್ಡ್ಸ್‌ನಲ್ಲಿ ಹೊಡೆದದ್ದು 16 ಮತ್ತು 6. ಕೂಡಿಸಿದರೆ 22. ನಾವು ಆ ಪಂದ್ಯ ಸೋತದ್ದೂ ಸರಿಯಾಗಿ 22 ರನ್‌ಗಳಿಂದ. ಇದರಿಂದ ಏನೂ ಸಾಬೀತಾಗುವುದಿಲ್ಲ, ಆದರೆ ಹೇಳಿ ಮುಗಿಸಿ ಕಾಫಿಯನ್ನು ನಿಧಾನಕ್ಕೆ ಗುಟುಕರಿಸಿದರೆ ಎದುರಿನವರು ಅರ್ಧ ನಿಮಿಷ ಸುಮ್ಮನಿರುತ್ತಾರೆ.

ಹೆಡಿಂಗ್ಲಿ ಟೆಸ್ಟನ್ನು ಎಚ್ಚರಿಕೆಯಿಂದ ಬಿಚ್ಚಿ. ಐದು ಶತಕ, ಎರಡು ಇನಿಂಗ್ಸ್ ಸೇರಿ 835 ರನ್, ಆದರೂ ಐದು ವಿಕೆಟ್ ಸೋಲು. ಮೂರಕ್ಕೆ 430 ಇದ್ದದ್ದು 471ಕ್ಕೆ ಆಲೌಟ್. ಎರಡನೆಯ ಸಲ ನಾಲ್ಕಕ್ಕೆ 333 ಇದ್ದದ್ದು 364ಕ್ಕೆ. "ಬಾಲಂಗೋಚಿಗಳು" ಎಂದರೆ ಸಾಕು, ಉಳಿದದ್ದು ತಾನಾಗಿಯೇ ಓಡುತ್ತದೆ. ಕೈಬಿಟ್ಟ ಕ್ಯಾಚುಗಳನ್ನು ಮಾತ್ರ ಈಗಲೇ ಹೊರಗೆ ತೆಗೆಯಬೇಡಿ, ಬುಮ್ರಾ ಭಾಗಕ್ಕೆ ತೊಡಕಾಗುತ್ತದೆ.

ಬುಮ್ರಾ ಭಾಗ ಇದು: ಅವನು ಆಡಿದ ಮೂರು ಟೆಸ್ಟ್‌ಗಳಲ್ಲಿ ಎರಡು ಸೋಲು, ಒಂದು ಡ್ರಾ. ಆಡದೆ ಇದ್ದ ಎರಡರಲ್ಲೂ ಗೆಲುವು. ಇಷ್ಟನ್ನು ಟೇಬಲ್ ಮೇಲಿಟ್ಟು ಹುಬ್ಬೇರಿಸಿ. ಹೆಡಿಂಗ್ಲಿಯಲ್ಲೂ ಲಾರ್ಡ್ಸ್‌ನಲ್ಲೂ ಒಂದೊಂದು ಇನಿಂಗ್ಸ್‌ನಲ್ಲಿ ಐದೈದು ವಿಕೆಟ್ ಕಿತ್ತವನು ಇವನೇ ಎಂದು ಯಾರಾದರೂ ನೆನಪಿಸಿದರೆ "ಅದು ಸರಿ, ಆದ್ರೂ..." ಅನ್ನಿ. ಆ "ಆದ್ರೂ" ಮುಂದೆ ಏನನ್ನೂ ಸೇರಿಸಬೇಕಿಲ್ಲ.

ರಾಹುಲ್ ವಿಷಯದಲ್ಲಿ ಹೆಚ್ಚಿನ ನಿರೀಕ್ಷೆ ಬೇಡ. 532 ರನ್, ಎರಡು ಶತಕ. ಜಗಳಕ್ಕೆ ಜಾಗವೇ ಇಲ್ಲದ ಸರಣಿ. ತೀರಾ ಬೇಕಿದ್ದರೆ, ಲಾರ್ಡ್ಸ್‌ನಲ್ಲಿ ಊಟದ ವಿರಾಮಕ್ಕೆ ಮುಂಚೆ ಇವನ ಶತಕ ಮುಗಿಸುವ ಆತುರದಲ್ಲಿ ಪಂತ್ ರನ್‌ಔಟ್ ಆದದ್ದನ್ನು ಕೆದಕಬಹುದು.

ಈಗ ಸಿರಾಜ್. ಈ ಯಂತ್ರದಲ್ಲಿ ಹಿಂದಕ್ಕೂ ಮುಂದಕ್ಕೂ ಓಡುವ ಗೇರ್ ಇರುವುದು ಇಲ್ಲೊಂದೇ. ಲಾರ್ಡ್ಸ್‌ನ ಕೊನೆಯಲ್ಲಿ ಜಡೇಜ ಜೊತೆ ಮೂವತ್ತು ಚೆಂಡು ತಡೆದು ನಿಂತ. ಬಶೀರ್ ಚೆಂಡನ್ನು ಬ್ಯಾಟಿನ ನಡುಮಧ್ಯಕ್ಕೇ ಆಡಿದರೂ ಅದು ಉರುಳಿ ಹೋಗಿ ಬೇಲ್ ಬೀಳಿಸಿತು. ಓವಲ್‌ನ ನಾಲ್ಕನೆಯ ದಿನ, 19ರಲ್ಲಿದ್ದ ಬ್ರೂಕ್ ಕೊಟ್ಟ ಕ್ಯಾಚ್ ಹಿಡಿದು ಬೌಂಡರಿ ಹಗ್ಗ ತುಳಿದ. ಬ್ರೂಕ್ 111 ಹೊಡೆದ. ಆ ಭಾನುವಾರ ಸಂಜೆ ಸಿರಾಜ್‌ಗೆ ಬಿದ್ದ ಬೈಗುಳ ಕೇಳಿದ್ದರೆ ದರ್ಶಿನಿಯ ಕ್ಯಾಷಿಯರೇ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಮರುದಿನ ಇಂಗ್ಲೆಂಡಿಗೆ ಬೇಕಿದ್ದದ್ದು 35 ರನ್, ಕೈಯಲ್ಲಿ ನಾಲ್ಕು ವಿಕೆಟ್. ಅಟ್ಕಿನ್ಸನ್ ಬೌಲ್ಡ್ ಆದಾಗ ನಮ್ಮ ಗೆಲುವು ಆರು ರನ್‌ಗಳದ್ದು. ಐದೂ ಟೆಸ್ಟ್ ಆಡಿ 23 ವಿಕೆಟ್ ತೆಗೆದ ಅದೇ ಮನುಷ್ಯ ಸೋಮವಾರ ಸಂಜೆ ಕಾಫಿಗೆ "ನಮ್ಮ ಸಿರಾಜ್" ಆಗಿದ್ದ. ಹಗ್ಗ ತುಳಿದ ಕಾಲು ಅದೇ, ಯಾರ್ಕರ್ ಹಾಕಿದ ಕೈಯೂ ಅದೇ. ಆರು ರನ್ ಆಚೆ ಬಿದ್ದಿದ್ದರೆ ಅವನು ಈಗಲೂ ಕ್ಯಾಚ್ ಬಿಟ್ಟವನೇ. ನನಗನಿಸುವಂತೆ ನಾವು ಚರ್ಚಿಸುವುದು ಆಟವನ್ನಲ್ಲ, ಫಲಿತಾಂಶವನ್ನು. ಆದರೆ ಇದು ಕೈಪಿಡಿ. ಅನಿಸಿಕೆಗಳಿಗೆ ಇಲ್ಲಿ ಜಾಗವಿಲ್ಲ.

ಯಂತ್ರ ಅತಿಯಾಗಿ ಬಿಸಿಯಾದರೆ ಅರವತ್ತು ದಾಟಿದವರತ್ತ ತಿರುಗಿಸಿ. "ಅಂಕಲ್, ಓವಲ್ ಅಂದ್ರೆ ನಿಮ್ ಕಾಲದಲ್ಲಿ..." ಎಂದರೆ ಸಾಕು. 1971, ಚಂದ್ರಶೇಖರ್, 38ಕ್ಕೆ 6, ಇಂಗ್ಲೆಂಡ್ 101ಕ್ಕೆ ಆಲೌಟ್, ಆ ನೆಲದಲ್ಲಿ ಭಾರತದ ಮೊದಲ ಗೆಲುವು, ಪೋಲಿಯೊ ತಾಗಿದ ಅದೇ ಬಲಗೈ. ಎಲ್ಲರೂ ತಲೆಯಾಡಿಸುತ್ತಾರೆ, ಯಂತ್ರ ತಣ್ಣಗಾಗುತ್ತದೆ. ಅಂಕಲ್ ಅಲ್ಲಿಗೇ ನಿಲ್ಲದೆ ದ್ರಾವಿಡ್‌ರ 2011ಕ್ಕೆ ದಾಟಿದರೆ, ಮೂರು ಶತಕ ಹೊಡೆದೂ 4–0 ಸೋಲು ಕಂಡ ಆ ಕಥೆ ಮುಗಿಯುವುದರೊಳಗೆ ಇನ್ನೊಂದು ಬೈಟು ಹೇಳಬೇಕಾಗುತ್ತದೆ.

ಕೊನೆಯ ಭಾಗ ಕನ್ನಡಿಗರಿಗೆ ಮಾತ್ರ. ಕರುಣ್ ನಾಯರ್ ಬಗ್ಗೆ ಮಾತನಾಡುವಾಗ ಅಂಕಿಅಂಶದ ಕೀಲಿಯನ್ನು ಬಂದ್ ಮಾಡಿ. ಎಂಟು ಇನಿಂಗ್ಸ್, 205 ರನ್. ಇದನ್ನು ಪರವೂರಿನವರು ಹೇಳಲಿ, ನೀವು 2016ರ ಚೆನ್ನೈನ ಅಜೇಯ 303 ಹೇಳಿ. ಸೆಹ್ವಾಗ್ ಬಿಟ್ಟರೆ ಭಾರತದಲ್ಲಿ ಇನ್ಯಾರಿಗೂ ಒಲಿಯದ ತ್ರಿಶತಕ. ಆಮೇಲೆ ಮೂರು ಟೆಸ್ಟ್ ಆಡಿಸಿ ಕೈಬಿಟ್ಟರು. ಇಲ್ಲಿ ಜಾಗ ಸಿಗದೆ ವಿದರ್ಭಕ್ಕೆ ಹೋಗಿ ರನ್ ಗುಡ್ಡೆ ಹಾಕಿದ ಮೇಲೆ ಕರೆ ಬಂತು, ಎಂಟು ವರ್ಷಕ್ಕೆ. "ನಮ್ಮ ಹುಡುಗನಿಗೆ ಅನ್ಯಾಯ" ಎನ್ನುವಾಗ, ಅವನನ್ನು ಮೊದಲು ಬಿಟ್ಟುಕೊಟ್ಟದ್ದು ನಾವೇ ಎಂಬ ಸಣ್ಣ ವಿವರವನ್ನು ಬೇಗ ದಾಟಿಸಿ.

ಓವಲ್‌ನಲ್ಲಿ 224ಕ್ಕೆ ಆಲೌಟಾದಾಗ ಅದರಲ್ಲಿ ಅವನದೇ ಹೆಚ್ಚು, 57. ಆ ಆಟದ ನಡುವೆ ಅವನು ಹೊಡೆದ ಚೆಂಡನ್ನು ಬೌಂಡರಿ ಬಳಿ ತಡೆಯಲು ಹೋಗಿ ವೋಕ್ಸ್ ಭುಜ ಕಳಚಿಕೊಂಡು ಬಿದ್ದ. ಮೂರು ಓಡಿದ್ದ ಕರುಣ್, ಓಡಬಹುದಾಗಿದ್ದ ನಾಲ್ಕನೆಯ ರನ್ ಬೇಡವೆಂದ. ಆರು ರನ್ ಅಂತರದ ಪಂದ್ಯದಲ್ಲಿ ಬಿಟ್ಟುಕೊಟ್ಟ ಒಂದು ರನ್. ಇದನ್ನು ಯಾವ ಗುಂಡಿ ಒತ್ತಿ ಚರ್ಚಿಸಬೇಕೆಂಬುದು ಈ ಮಾದರಿಯಲ್ಲಿ ಕಂಡುಬಂದಿಲ್ಲ.

ಮುಂದಿನ ಸರಣಿಗೆ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ವೆಸ್ಟ್ ಇಂಡೀಸ್ ಬಂದಾಗ ಆಯ್ಕೆಗಾರರು ಕರುಣ್‌ನನ್ನು ಬಿಟ್ಟು ದೇವದತ್ತ ಪಡಿಕ್ಕಲ್‌ನನ್ನು ತೆಗೆದುಕೊಂಡರು. ಮೇಲಿನ ಭಾಗದಲ್ಲಿ ಹೆಸರು ಬದಲಿಸಿಕೊಳ್ಳಿ. ಆಡಿಸದಿದ್ದರೆ "ಬೆಂಚ್ ಕಾಯಿಸೋಕೆ ಕರೆದ್ರಾ" ಅನ್ನಿ. ಆಡಿಸಿದರೆ, ಔಟಾಗುವವರೆಗೆ ಕಾಯಿರಿ.