ನಿರ್ಬಂಧ ತೆರವು, ಉದ್ರಿ ಬಂದ್

(2001ರ ಸೆಪ್ಟೆಂಬರ್. ಪುಣೆಯ ಡೆಕ್ಕನ್ ಜಿಮ್‌ಖಾನಾದ ಉಡುಪಿ ಹೋಟೆಲು. ಗಲ್ಲಾದಲ್ಲಿ ಶೆಟ್ಟರು. ಎದುರು ಪತ್ರಿಕೆ ಸಮೇತ ನಿವೃತ್ತ ಎಂಜಿನಿಯರ್ ರಾಯರು, ಪತ್ರಿಕೆಯೂ ಹೋಟೆಲಿನದೇ.)

ರಾಯರು: ಶೆಟ್ರೇ, ಅಮೆರಿಕದ ಬುಶ್ ಸಾಹೇಬ್ರು ಪೋಖ್ರಾನ್ ನಿರ್ಬಂಧ ತೆಗೆದ್ರು!

ಶೆಟ್ಟರು: ಅದು ಇನ್ನೂ ಇತ್ತಾ ಮಾರಾಯ್ರೆ?

ರಾಯರು: 1998ರ ಮೇಯಲ್ಲಿ ನಾವು ಅಣುಪರೀಕ್ಷೆ ಮಾಡಿದಾಗಿನಿಂದ! ಸಾಲ ಇಲ್ಲ, ಯಂತ್ರ ಇಲ್ಲ.

ಶೆಟ್ಟರು: ದೇಶ ಉಪವಾಸ ಬಿತ್ತಾ?

ರಾಯರು: ಎಲ್ಲಿ ಬಂತು? ಅದೇ ವರ್ಷ ರಿಸರ್ಜೆಂಟ್ ಇಂಡಿಯಾ ಬಾಂಡಿಗೆ ಅನಿವಾಸಿಗಳು 420 ಕೋಟಿ ಡಾಲರ್ ಸುರಿದ್ರು.

ಶೆಟ್ಟರು: ಯಂತ್ರ?

ರಾಯರು: ಕ್ರೇ ಸೂಪರ್‌ಕಂಪ್ಯೂಟರಿಗೆ ಅದಕ್ಕೂ ಮುಂಚೆಯೇ ಅಮೆರಿಕದವರು ಅಡ್ಡಗಾಲು ಹಾಕಿದ್ರು. ಇದೇ ಪುಣೆಯ ಸಿ-ಡ್ಯಾಕ್ 1991ರಲ್ಲಿ ಪರಮ್ 8000 ಕಟ್ಟಿ ನಿಲ್ಲಿಸ್ತು.

ಶೆಟ್ಟರು: ಹಾಗಾದ್ರೆ ತೆಗೆದದ್ದೇ ನಷ್ಟ! ಇನ್ನು ಯಾರು ಕಟ್ತಾರೆ?

ರಾಯರು: ಛೇ, ವ್ಯಾಪಾರ ಬೆಳೆಯುತ್ತಪ್ಪಾ.

ಶೆಟ್ಟರು: ಈಗ್ಯಾಕೆ ದಿಢೀರ್ ಪ್ರೀತಿ?

ರಾಯರು: ಅವಳಿ ಗೋಪುರ ಬಿದ್ದು ಹನ್ನೊಂದೇ ದಿನ. ಅಫ್ಘಾನಿಸ್ತಾನಕ್ಕೆ ಹೋಗೋಕೆ ಪಾಕಿಸ್ತಾನ ಬೇಕು. ಒಂದೇ ಆದೇಶದಲ್ಲಿ ಇಬ್ಬರಿಗೂ ವಿನಾಯಿತಿ.

ಶೆಟ್ಟರು: ಊಟ ಅವರಿಗೆ, ಬಿಲ್ಲಿನ ಜೊತೆ ಬಂದ ಸೋಂಪು ನಮಗೆ.

ರಾಯರು: ಸೋಂಪೂ ಪೂರ್ತಿ ಇಲ್ಲ. ನಮ್ಮ ಕೆಲವು ಸಂಸ್ಥೆಗಳು ಇನ್ನೂ ಅಮೆರಿಕದ ನಿರ್ಬಂಧದ ಪಟ್ಟಿಯಲ್ಲಿವೆ. ಇರಲಿ, ಈ ಖುಷಿಗೆ ಒಂದು ಕಾಫಿ. ಲೆಕ್ಕಕ್ಕೆ ಬರೆದುಕೊಳ್ಳಿ.

ಶೆಟ್ಟರು: ರಾಯರೇ, ಈ ಗಲ್ಲಾದ ಪಟ್ಟಿಯಲ್ಲೂ ನಿಮ್ಮ ಹೆಸರುಂಟು. ಬುಶ್ ಸಾಹೇಬ್ರು ಹೇಳಿದ್ರೂ ತೆಗೆಯುವುದಿಲ್ಲ.